ಮಳೆಯಿಲ್ಲದೆ ಏರುವ ಹೊಳೆ: ಹಿಪ್ಪರಗಿ ಸುತ್ತಿನ ನಡುಗಡ್ಡೆಗಳು ಮತ್ತು ಕೃಷ್ಣಾ ಪ್ರವಾಹ

2019ರ ಮೇ ತಿಂಗಳಲ್ಲಿ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ಕೃಷ್ಣಾತೀರದಲ್ಲಿ ಕುಡಿಯುವ ನೀರಿಗೂ ತತ್ವಾರವಾಗಿತ್ತು. ನದಿಯ ಪಾತ್ರದಲ್ಲಿ ಕಲ್ಲು, ಉಸುಕು ಬಿಟ್ಟರೆ ಅಲ್ಲಲ್ಲಿ ನಿಂತ ಹಸಿರು ನೀರಿನ ಮಡು ಮಾತ್ರ. ಕೊಯ್ನಾ ಜಲಾಶಯದಿಂದ ಒಂದಿಷ್ಟು ನೀರು ಬಿಡಬೇಕೆಂದು ಕರ್ನಾಟಕ ಸರಕಾರವು ಮಹಾರಾಷ್ಟ್ರವನ್ನು ಕೇಳಿಕೊಂಡಿತು. ಮೂರು ತಿಂಗಳು ತುಂಬುವಷ್ಟರಲ್ಲಿ, ಆಗಸ್ಟ್ ತಿಂಗಳ ಮೊದಲ ವಾರದಲ್ಲಿ, ಅದೇ ದಂಡೆಯ ಜನರು ದನಕರುಗಳನ್ನು ಹೊಡೆದುಕೊಂಡು, ಹಾಸಿಗೆಯ ಗಂಟು ಹೊತ್ತು, ಎತ್ತರದ ಶಾಲೆ, ಗುಡಿ, ಸಮುದಾಯ ಭವನಗಳ ಕಡೆಗೆ ಹೊರಟಿದ್ದರು. ನೀರು ಬಿಡಿರೆಂದು ಬೇಡಿದವರೇ ನೀರು ತಡೆಯಿರೆಂದು ಬೇಡುವಂತಾಯಿತು. ಒಂದೇ ವರ್ಷದ ಈ ಎರಡು ಚಿತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡದ ಹೊರತು ಈ ಭಾಗದ ಪ್ರವಾಹದ ಚರಿತ್ರೆ ಅರ್ಥವಾಗುವುದಿಲ್ಲ.

ವಿದ್ಯಾರ್ಥಿ ಮಿತ್ರರೇ, ದ್ವೀಪ ಎಂದೊಡನೆ ನಿಮ್ಮ ಕಣ್ಣ ಮುಂದೆ ಸಮುದ್ರ ಬರುತ್ತದೆ. ದ್ವೀಪದ ಮೇಲಿನ ಸಂಕಟ ಎಂದೊಡನೆ ಚಂಡಮಾರುತ ಬರುತ್ತದೆ. ಆದರೆ ಕಡಲಿನಿಂದ ನೂರಾರು ಕಿಲೋಮೀಟರು ಒಳಗಿರುವ ನಮ್ಮ ನಾಡಿನಲ್ಲಿಯೂ ದ್ವೀಪವಾಸಿಗಳಿದ್ದಾರೆ. ಕೃಷ್ಣಾ ನದಿಯು ಎರಡು ಕವಲಾಗಿ ಒಡೆದು ಮತ್ತೆ ಕೂಡುವಲ್ಲಿ ನಡುವೆ ಉಳಿಯುವ ನೆಲಕ್ಕೆ ಗಡ್ಡೆ ಅಥವಾ ಗಡ್ಡಿ ಎಂದು ಹೆಸರು. ಜಮಖಂಡಿ ತಾಲೂಕಿನ ಕಂಕಣವಾಡಿಯ ಬಳಿ ಗುಹೇಶ್ವರ ಗಡ್ಡೆ ಇದೆ. ಅಲ್ಲಿನ ಹೊಲಗಳಿಗೆ ರೈತರು ದೋಣಿ ದಾಟಿ ಹೋಗಬೇಕು. ಇದೇ ತಾಲೂಕಿನ ಮುತ್ತೂರು ಇನ್ನೊಂದು ಬಗೆಯದು. ಆಲಮಟ್ಟಿಯ ಹಿನ್ನೀರು ಏರಿದಾಗ ಅದು ನಡುಗಡ್ಡೆಯಾಗುತ್ತದೆ. ನದಿಯ ಕೆಳಗೆ ಲಿಂಗಸುಗೂರು ತಾಲೂಕಿನ ಗಡ್ಡಿಗಳೂ ಸುರಪುರ ತಾಲೂಕಿನ ನೀಲಕಂಠರಾಯನಗಡ್ಡಿಯೂ ಪ್ರತಿ ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತವೆ. 2013ರಲ್ಲಿ ತುಂಬು ಗರ್ಭಿಣಿಯೊಬ್ಬರು ಒಣ ಬುರುಡೆಗಳನ್ನು ಕಟ್ಟಿಕೊಂಡು, ಮನೆಯವರ ನೆರವಿನಿಂದ, ತುಂಬಿದ ಹೊಳೆಯನ್ನು ಈಜಿ ದಂಡೆ ಸೇರಿದ್ದು ಅಂಥದೊಂದು ಗಡ್ಡಿಯಿಂದಲೇ. ಆಗ ದೇಶವೆಲ್ಲ ಆಕೆಯ ಧೈರ್ಯವನ್ನು ಕೊಂಡಾಡಿತು. ಹೆರಿಗೆಯ ದಿನಗಳು ಮೊದಲೇ ಗೊತ್ತಿದ್ದೂ, ಹೊಳೆ ತುಂಬುವ ತಿಂಗಳು ಮೊದಲೇ ಗೊತ್ತಿದ್ದೂ, ಆಕೆ ಈಜಬೇಕಾಗಿ ಬಂದದ್ದು ಏಕೆ ಎಂದು ಕೇಳಿದವರು ಕಡಿಮೆ.

ಈಗ ಭೂಪಟವನ್ನು ತೆರೆದಿಟ್ಟುಕೊಳ್ಳಿ. ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ. ಕರಾಡದಲ್ಲಿ ಕೊಯ್ನಾ, ಸಾಂಗಲಿಯ ಬಳಿ ವಾರಣಾ, ನರಸೋಬಾವಾಡಿಯಲ್ಲಿ ಪಂಚಗಂಗಾ ಅವಳನ್ನು ಕೂಡುತ್ತವೆ. ಆಮೇಲೆ ಅವಳು ಚಿಕ್ಕೋಡಿ ಸೀಮೆಯಲ್ಲಿ ಕರ್ನಾಟಕವನ್ನು ಹೊಕ್ಕು, ದೂಧಗಂಗೆಯನ್ನು ಕೂಡಿಸಿಕೊಂಡು, ಕುಡಚಿಯನ್ನು ದಾಟಿ ಹಿಪ್ಪರಗಿಗೆ ಬರುತ್ತಾಳೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಮಳೆ; ಜಮಖಂಡಿಯ ಸುತ್ತಮುತ್ತ 500ರಿಂದ 600 ಮಿಲಿಮೀಟರು. ಹತ್ತು ಪಾಲು ಮಳೆಯ ನಾಡಿನ ನೀರು ಒಂದು ಪಾಲು ಮಳೆಯ ನಾಡಿನಲ್ಲಿ ಹಾಯುತ್ತದೆ. ಆದುದರಿಂದ ಇಲ್ಲಿ ಹೊಳೆ ಏರುವ ದಿನ ಆಕಾಶ ತಿಳಿಯಾಗಿರಬಹುದು, ಬಿಸಿಲೂ ಬಿದ್ದಿರಬಹುದು. ಕಡಲ ದ್ವೀಪದವರಿಗೆ ಗಾಳಿಯಾದರೂ ಮುನ್ಸೂಚನೆ ಕೊಡುತ್ತದೆ. ಗಡ್ಡೆಯವರ ತಲೆಯ ಮೇಲೆ ಯಾವ ಸೂಚನೆಯೂ ಇರುವುದಿಲ್ಲ. ಸೂಚನೆ ಇರುವುದು ಸಹ್ಯಾದ್ರಿಯ ನೆತ್ತಿಯಲ್ಲಿ. ದಕ್ಷಿಣಕ್ಕೆ ಘಟಪ್ರಭೆಯ ಕತೆಯೂ ಇಂಥದೇ. ಹಿಡಕಲ್ ಜಲಾಶಯದ ನೀರಿಗೆ ಹಿರಣ್ಯಕೇಶಿ ಮತ್ತು ಮಾರ್ಕಂಡೇಯ ನದಿಗಳ ನೀರು ಸೇರಿದರೆ ಮುಧೋಳದ ಯಾದವಾಡ ಸೇತುವೆ ಮುಳುಗುತ್ತದೆ.

ಹಿಂದಿನ ಆಳ್ವಿಕೆಗಳು ಇದಕ್ಕೆ ಏನು ಸಿದ್ಧತೆ ಮಾಡಿಕೊಂಡಿದ್ದವು? ಸ್ವಾತಂತ್ರ್ಯಕ್ಕೆ ಮೊದಲು ಈ ಸೀಮೆ ತುಂಡುತುಂಡಾಗಿತ್ತು. ಜಮಖಂಡಿಯಲ್ಲಿ ಪಟವರ್ಧನರ ಸಂಸ್ಥಾನ, ಮುಧೋಳದಲ್ಲಿ ಘೋರ್ಪಡೆಯವರದು. ತೇರದಾಳದ ಕಡೆಯ ಊರುಗಳು ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು. ಬೀಳಗಿ ಬ್ರಿಟಿಷರ ಬಿಜಾಪುರ ಜಿಲ್ಲೆಯಲ್ಲಿತ್ತು. ಒಂದು ನದಿಗೆ ಹಲವು ಒಡೆಯರು. ಇವರೆಲ್ಲರ ಮುಖ್ಯ ಭಯ ನೆರೆಯದಲ್ಲ, ಬರದ್ದು. 1790ರ ದಶಕದ ಆರಂಭದ ಡೋಗಿ ಬರವನ್ನು ಬಿಜಾಪುರ ಸೀಮೆಯ ಹಿರಿಯರು ತಲೆಮಾರುಗಳವರೆಗೆ ನೆನೆದರು. 1876ರಿಂದ 1878ರವರೆಗಿನ ಕ್ಷಾಮವಂತೂ ಊರುಗಳನ್ನೇ ಬರಿದು ಮಾಡಿತು. 1880ರ ಕ್ಷಾಮ ಆಯೋಗದ ತರುವಾಯ ಬ್ರಿಟಿಷ್ ಆಡಳಿತವು ಕ್ಷಾಮ ಸಂಹಿತೆಗಳನ್ನು ರಚಿಸಿತು: ಯಾವಾಗ ಕಾಮಗಾರಿ ತೆರೆಯಬೇಕು, ಕೂಲಿಯೆಷ್ಟು, ಗಂಜಿ ಯಾರಿಗೆ ಎಂದು ಬರೆದಿಟ್ಟ ನಿಯಮಗಳು. ನೆರೆಗೆ ಅಂಥ ಸಂಹಿತೆ ಇರಲಿಲ್ಲ. ನೆರೆಯ ವಿದ್ಯೆಯನ್ನು ಜನರು ತಾವೇ ಕಟ್ಟಿಕೊಂಡರು.

ಆ ವಿದ್ಯೆ ಸಣ್ಣದಲ್ಲ. ನೀರಿನ ಬಣ್ಣ ಕೆಂಪಾಗುವುದು, ನೊರೆ ಗಟ್ಟಿಯಾಗುವುದು, ಕಸಕಡ್ಡಿಯ ಜೊತೆಗೆ ದೊಡ್ಡ ಬೊಡ್ಡೆಗಳು ತೇಲಿಬರುವುದು, ಇವು ಮೇಲಿನ ನೀರಿನ ಗುರುತುಗಳು. ಸಂಜೆ ನೀರಿನಂಚಿಗೆ ಕೋಲು ನೆಟ್ಟು ಬೆಳಗಿಗೆ ಎಷ್ಟು ಮುಳುಗಿದೆ ಎಂದು ನೋಡುವುದು ಅಳತೆ. ದಾಟಲು ಹರಿಗೋಲು, ತೆಪ್ಪ, ಒಣಗಿಸಿದ ಸೋರೆಯ ಬುರುಡೆ. ಕಾಳನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುವುದು ಬಯಲುಸೀಮೆಯ ರೂಢಿಯಾದರೂ, ಹೊಳೆದಂಡೆಯಲ್ಲಿ ಹಗೇವಿಗೆ ನೀರು ಹೊಕ್ಕರೆ ವರ್ಷದ ಅನ್ನ ಕೊಳೆಯುತ್ತದೆ. ಹಾಗಾಗಿ ಅಟ್ಟವೇ ಲೇಸು. ದನಗಳ ಕೊರಳ ಹಗ್ಗ ಬಿಚ್ಚಿಬಿಡಬೇಕು, ಏಕೆಂದರೆ ಎಮ್ಮೆ ಎತ್ತುಗಳು ಈಜಬಲ್ಲವು, ಕಟ್ಟಿದ ಗೂಟ ಈಜಲಾರದು.

ಎಲ್ಲಕ್ಕಿಂತ ದೊಡ್ಡ ಸಿದ್ಧತೆ ಬೆಳೆಯಲ್ಲಿತ್ತು. ಇದನ್ನು ಇತಿಹಾಸದ ಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲವಾದ್ದರಿಂದ ಸ್ವಲ್ಪ ನಿಂತು ನೋಡೋಣ. ಈ ಕರಿಮಣ್ಣಿನ ಮುಖ್ಯ ಬೆಳೆ ಹಿಂಗಾರಿ ಜೋಳ. ಅದನ್ನು ಬಿತ್ತುವುದು ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ, ಕೊಯ್ಯುವುದು ಚಳಿಗಾಲ ಮುಗಿಯುವಾಗ. ಕೃಷ್ಣೆ ಉಕ್ಕುವುದು ಜುಲೈ–ಆಗಸ್ಟಿನಲ್ಲಿ. ಎಂದರೆ ಹೊಳೆ ಹೊಲದ ಮೇಲೆ ಹಾಯುವ ಕಾಲಕ್ಕೆ ಆ ಹೊಲ ಬಹುಮಟ್ಟಿಗೆ ಖಾಲಿ ಇರುತ್ತಿತ್ತು. ನೀರು ಇಳಿದು ಹೋದಾಗ ಉಳಿದ ರೇವೆಯಲ್ಲಿ ಜೋಳವೋ ಕಡಲೆಯೋ ಬಿತ್ತಿದರೆ ನೆಲದ ತೇವದಲ್ಲೇ ಬೆಳೆಯುತ್ತಿತ್ತು. ಪ್ರವಾಹ ಅಂದಿನವರಿಗೆ ಮನೆಯ ಶತ್ರುವಾಗಿದ್ದರೂ ಹೊಲದ ಶತ್ರುವಾಗಿರಲಿಲ್ಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಹೊಂದಾಣಿಕೆ ಮುರಿಯಿತು. 1960ರ ದಶಕದಲ್ಲಿ ಕೊಯ್ನಾ ಅಣೆಕಟ್ಟು ಎದ್ದು ನಿಂತಿತು. ಅದರ ಸಾಮರ್ಥ್ಯ ಸುಮಾರು 105 ಟಿಎಂಸಿ. 1964ರ ಮೇ 22ರಂದು ಲಾಲಬಹಾದುರ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟರು. ಕೆಲಸ ಕುಂಟುತ್ತ ಸಾಗಿತು. ಸರಕಾರದ ನೀರಿಗಾಗಿ ಕಾದು ಬೇಸತ್ತ ಜಮಖಂಡಿಯ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಕೃಷ್ಣಾ ತೀರ ರೈತ ಸಂಘ ಕಟ್ಟಿ, ತಾವೇ ಹಣ ಕೂಡಿಸಿ, ಮೈಮುರಿದು ದುಡಿದು 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜನ್ನು ಪೂರೈಸಿದರು. ಶ್ರಮಬಿಂದು ಸಾಗರ ಎಂಬ ಅದರ ಹೆಸರೇ ಕತೆಯನ್ನು ಹೇಳುತ್ತದೆ. 1991ರ ಲೋಕಸಭಾ ಚುನಾವಣೆಯಲ್ಲಿ ಇದೇ ನ್ಯಾಮಗೌಡರು ಬಾಗಲಕೋಟೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು. ಹಿಪ್ಪರಗಿ ಬ್ಯಾರೇಜು ದಶಕಗಳ ಕಾಮಗಾರಿಯ ನಂತರ ನೀರು ಹಿಡಿಯಿತು. 2000ದ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆಲಮಟ್ಟಿಯಲ್ಲಿ 519.60 ಮೀಟರಿನವರೆಗೆ ನೀರು ನಿಲ್ಲಿಸಲು ಒಪ್ಪಿತು.

ನೀರು ಬಂದಲ್ಲಿ ಕಬ್ಬು ಬಂತು, ಕಬ್ಬು ಬಂದಲ್ಲಿ ಸಕ್ಕರೆ ಕಾರಖಾನೆ ಬಂತು. ಬರಗಾಲದ ಸೀಮೆಯ ಕೈಯಲ್ಲಿ ಮೊದಲ ಬಾರಿಗೆ ಹಣ ಆಡಿತು. ಇದನ್ನು ಹಗುರವಾಗಿ ಕಾಣುವ ಹಕ್ಕು ಹೊಟ್ಟೆ ತುಂಬಿದವರಿಗೆ ಇಲ್ಲ. ಆದರೆ ಕಬ್ಬು ವರ್ಷಪೂರ್ತಿ ನಿಲ್ಲುವ ಬೆಳೆ. ಜುಲೈ–ಆಗಸ್ಟಿನಲ್ಲಿ ಖಾಲಿ ಇರುತ್ತಿದ್ದ ದಂಡೆಯ ಹೊಲದಲ್ಲಿ ಈಗ ಆಳೆತ್ತರದ ಬೆಳೆ, ಪಕ್ಕದಲ್ಲಿ ಮೋಟಾರು, ಪೈಪುಗಳು, ಅದರ ಹಿಂದೆ ಬ್ಯಾಂಕಿನ ಸಾಲ. ಸುಳಿ ಹೊರಗಿದ್ದರೆ ಕಬ್ಬು ಕೆಲವು ದಿನ ತಾಳಿಕೊಳ್ಳುತ್ತದೆ. ಸುಳಿ ಮುಳುಗಿದರೆ ಕೊಳೆಯುತ್ತದೆ. ಹೊಳೆ ಮೊದಲಿನ ಕಾಲಕ್ಕೇ ಬರುತ್ತಿದೆ. ಅದರ ದಾರಿಯಲ್ಲಿ ನಾವು ಇಟ್ಟಿರುವ ಸೊತ್ತು ಬೇರೆಯಾಗಿದೆ.

ಬ್ಯಾರೇಜುಗಳೇ ನೆರೆಯನ್ನು ತಡೆಯಬಾರದೇಕೆ ಎಂದು ಕೆಲವರು ಕೇಳುತ್ತಾರೆ. ಲೆಕ್ಕ ಮಾಡಿ ನೋಡಿ. ಸೆಕೆಂಡಿಗೆ ಒಂದು ಘನ ಅಡಿ ನೀರು ಹರಿದರೆ ಅದು ಒಂದು ಕ್ಯೂಸೆಕ್, ಸುಮಾರು 28 ಲೀಟರು. ನೂರು ಕೋಟಿ ಘನ ಅಡಿ ಕೂಡಿದರೆ ಒಂದು ಟಿಎಂಸಿ. ಒಂದು ಲಕ್ಷ ಕ್ಯೂಸೆಕ್ ನೀರು ಇಪ್ಪತ್ನಾಲ್ಕು ಗಂಟೆ ಹರಿದರೆ 8.64 ಟಿಎಂಸಿ. ಹಿಪ್ಪರಗಿ ಬ್ಯಾರೇಜು ಹಿಡಿಯುವುದು ಸುಮಾರು 6 ಟಿಎಂಸಿ. ನಾಲ್ಕು ಲಕ್ಷ ಕ್ಯೂಸೆಕ್ ಪ್ರವಾಹ ಬಂದರೆ ಪೂರ್ಣ ಬರಿದಾಗಿದ್ದ ಹಿಪ್ಪರಗಿಯೂ ನಾಲ್ಕು ಗಂಟೆಯ ಸುಮಾರಿಗೆ ತುಂಬಿಹೋಗುತ್ತದೆ. 123 ಟಿಎಂಸಿಯ ಆಲಮಟ್ಟಿಯನ್ನೇ ತೆಗೆದುಕೊಳ್ಳಿ. ಐದು ಲಕ್ಷ ಕ್ಯೂಸೆಕ್ ಒಳಹರಿವಿದ್ದರೆ ಬರಿದಾದ ಆಲಮಟ್ಟಿಗೂ ಮೂರು ದಿನ ಬೇಡ. 2019ರ ಆಗಸ್ಟಿನಲ್ಲಿ ಆಲಮಟ್ಟಿಯಿಂದ ಐದು ಲಕ್ಷ ಕ್ಯೂಸೆಕ್‌ಗೂ ಮೇಲ್ಪಟ್ಟು ನೀರನ್ನು ಕೆಳಗೆ ಬಿಡಲಾಯಿತು. ಹೀಗಾಗಿ ಮಳೆಗಾಲದಲ್ಲಿ ಇಲ್ಲಿನ ಗೇಟುಗಳ ಕೆಲಸ ತಡೆಯುವುದಕ್ಕಿಂತ ಹೆಚ್ಚಾಗಿ ಹೊತ್ತಿಗೆ ಸರಿಯಾಗಿ ದಾರಿ ಬಿಡುವುದು. ಯಾವಾಗ, ಎಷ್ಟು ಎಂಬ ತೀರ್ಮಾನ ನದಿಯದಲ್ಲ, ಎರಡು ರಾಜ್ಯಗಳ ನಿಯಂತ್ರಣ ಕೊಠಡಿಗಳಲ್ಲಿ ಕುಳಿತವರದು.

ಮಹಾಪೂರಗಳಲ್ಲಿ ಎಲ್ಲವೂ ಒಂದೇ ತೆರನಾದವಲ್ಲ. 2005ರ ಜುಲೈ ಕೊನೆಯಲ್ಲಿ ಮುಂಬಯಿಯನ್ನು ಮುಳುಗಿಸಿದ ಆ ಮಳೆಗಾಲವೇ ಸಾಂಗಲಿ, ಕೊಲ್ಹಾಪುರ, ಬೆಳಗಾವಿ, ಬಾಗಲಕೋಟೆಗಳ ಕೃಷ್ಣಾ ಕೊಳ್ಳವನ್ನೂ ಹೊಡೆಯಿತು. ದೇಶದಲ್ಲಿ ವಿಪತ್ತು ನಿರ್ವಹಣಾ ಕಾಯಿದೆ ಬಂದದ್ದು ಆ ವರ್ಷದ ಕೊನೆಗೆ. 2009ರದು ಬೇರೆ: ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದಲ್ಲಿ, ಮಳೆಗಾಲ ಮುಗಿಯಿತೆನ್ನುವಾಗ, ಉತ್ತರ ಕರ್ನಾಟಕದ ಮೇಲೆಯೇ ಮಳೆ ಸುರಿದು ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮೇಲಿನ ನೀರಿನ ಗುರುತುಗಳನ್ನು ಬಲ್ಲ ಹಳಬರ ವಿದ್ಯೆ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. 2019 ಮತ್ತು 2021ರವು ಪುನಃ ಸಹ್ಯಾದ್ರಿಯ ನೀರು.

ಸಹ್ಯಾದ್ರಿಯ ನೀರಿಗೆ ಒಂದು ಒಳ್ಳೆಯ ಗುಣವಿದೆ: ಅದು ಸಮಯ ಕೊಡುತ್ತದೆ. ಕೊಯ್ನಾದಲ್ಲಿ ಬಿಟ್ಟ ನೀರು ಹಿಪ್ಪರಗಿಯನ್ನು ಮುಟ್ಟಲು ಒಂದು ದಿನಕ್ಕಿಂತ ಹೆಚ್ಚು ಬೇಕು. ಆ ಅವಧಿಯೇ ಗಡ್ಡೆಯವರ ಬಂಡವಾಳ. ಇಂದು ಕೋಲು ನೆಡುವ ಬದಲು ಜನರು ಮೊಬೈಲಿನಲ್ಲಿ ರಾಜಾಪುರ ಬ್ಯಾರೇಜಿನ ಅಂಕಿ ಎಷ್ಟು, ಹಿಪ್ಪರಗಿಯ ಒಳಹರಿವು ಎಷ್ಟು ಎಂದು ನೋಡುತ್ತಾರೆ. ಆದರೂ ಅನೇಕರು ಕಡೆಯ ಗಳಿಗೆಯವರೆಗೆ ಹೊರಡುವುದಿಲ್ಲ. ಅಧಿಕಾರಿಗಳು ಇದನ್ನು ಹಟವೆನ್ನುತ್ತಾರೆ, ಪತ್ರಿಕೆಗಳು ಅಜ್ಞಾನವೆನ್ನುತ್ತವೆ. ಎರಡೂ ಸರಿಯಲ್ಲವೆಂದು ನನ್ನ ಎಣಿಕೆ. ಮನುಷ್ಯರನ್ನು ಒಂದು ಬೋಟಿನಲ್ಲಿ ಸಾಗಿಸಬಹುದು. ಒಂದು ಜೋಡಿ ಎತ್ತು, ಎರಡು ಎಮ್ಮೆ, ಆಡುಗಳನ್ನು ಸಾಗಿಸುವುದು ಹೇಗೆ? ಸಾಗಿಸಿದ ಮೇಲೆ ಮೇವು ಎಲ್ಲಿ? ಪರಿಹಾರ ಕೇಂದ್ರದಲ್ಲಿ ಅನ್ನ ಸಾರು ಸಿದ್ಧವಿದ್ದು ಮೇವು ಇಲ್ಲದಿದ್ದರೆ ರೈತನು ಗಡ್ಡೆಯಲ್ಲಿಯೇ ಉಳಿಯುತ್ತಾನೆ. ಗಡ್ಡೆಯ ಸಿದ್ಧತೆ ದನಗಳಿಂದ ಆರಂಭವಾಗಬೇಕು. ನೀರು ಮೊಣಕಾಲು ಮುಟ್ಟುವ ಮೊದಲೇ ಅವು ದಂಡೆ ಸೇರಬೇಕು. ಅನಂತರ ಗರ್ಭಿಣಿಯರು, ಬಾಣಂತಿಯರು, ಮುದುಕರು, ಕಾಯಿಲೆಯವರು. ಮನೆಯ ಗಂಡಸರು ಕೊನೆಗೆ.

ಕಡೆಯ ಗಳಿಗೆಗೆ ಉಳಿದರೆ ಏನಾಗುತ್ತದೆಂಬುದಕ್ಕೆ ಇದೇ ನದಿಯ ಮೇಲ್ಭಾಗದಲ್ಲಿ ಸಾಕ್ಷಿಯಿದೆ. 2019ರ ಆಗಸ್ಟ್ 8ರಂದು ಸಾಂಗಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ಊರು ಬಿಡುತ್ತಿದ್ದವರಿಂದ ಕಿಕ್ಕಿರಿದ ದೋಣಿ ಮಗುಚಿ ಹೆಂಗಸರು ಮಕ್ಕಳು ಸೇರಿ ಹಲವರು ಮಡಿದರು. ದೋಣಿ ಇರಲಿಲ್ಲವೆಂದಲ್ಲ; ಎಲ್ಲರೂ ಒಮ್ಮೆಲೇ ಏರಬೇಕಾದ ಗಳಿಗೆ ಬಂದಿತ್ತು.

ಹೊರಗಿನ ಜಗತ್ತಿನ ಎರಡು ನಿದರ್ಶನಗಳನ್ನು ಇದರ ಪಕ್ಕದಲ್ಲಿ ಇಡಬಹುದು. ಅಮೆರಿಕದ ಟೆಕ್ಸಸ್ ರಾಜ್ಯದ ಗ್ಯಾಲ್ವೆಸ್ಟನ್ ಸಮುದ್ರದಂಚಿನ ದ್ವೀಪದ ಮೇಲಿನ ಪಟ್ಟಣ. 1900ರ ಸೆಪ್ಟೆಂಬರ್ 8ರ ಚಂಡಮಾರುತ ಅಲ್ಲಿ ಕನಿಷ್ಠ ಆರು ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. ಉಳಿದವರು ದ್ವೀಪ ಬಿಡಲಿಲ್ಲ. ಹದಿನೇಳು ಅಡಿ ಎತ್ತರದ ಕಡಲಗೋಡೆ ಕಟ್ಟಿದರು; ಎರಡು ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ಜಾಕಿಗಳಿಂದ ಎತ್ತಿ ನಿಲ್ಲಿಸಿ ಅಡಿಯಲ್ಲಿ ಮರಳು ತುಂಬಿ ನೆಲವನ್ನೇ ಏರಿಸಿದರು. 1915ರಲ್ಲಿ ಮತ್ತೊಂದು ದೊಡ್ಡ ಚಂಡಮಾರುತ ಬಂದಾಗ ಪಟ್ಟಣದೊಳಗಿನ ಸಾವು ಬಹಳ ಕಡಿಮೆಯಾಯಿತು. ಅದು ಹಣವಂತ ಬಂದರು. ಒಡಿಶಾ ಬಡ ರಾಜ್ಯ. ಅಲ್ಲಿ 1999ರ ಅಕ್ಟೋಬರಿನ ಮಹಾ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು; 2013ರ ಅಕ್ಟೋಬರಿನ ಫೈಲಿನ್ ಬಂದಾಗ ಹತ್ತು ಲಕ್ಷದಷ್ಟು ಜನರನ್ನು ಮೊದಲೇ ತೆರವುಗೊಳಿಸಿದ್ದರಿಂದ ಸಾವು ಐವತ್ತನ್ನು ದಾಟಲಿಲ್ಲ. ಗ್ಯಾಲ್ವೆಸ್ಟನ್ ನೆಲವನ್ನು ಎತ್ತಿತು, ಒಡಿಶಾ ಜನರನ್ನು ಸರಿಸಿತು. ಕೃಷ್ಣೆಯ ಗಡ್ಡೆಗೆ ಎರಡನೆಯ ದಾರಿಯೇ ಹತ್ತಿರ. ಆದರೆ ಚಂಡಮಾರುತ ಒಂದೆರಡು ದಿನಕ್ಕೆ ಹಾದುಹೋಗುತ್ತದೆ, ಹೊಳೆ ವಾರಗಟ್ಟಲೆ ನಿಲ್ಲಬಹುದು. ಅಷ್ಟು ದಿನ ಶಾಲೆಯ ಕೋಣೆಯಲ್ಲಿ ಸಂಸಾರ ಹೂಡಿದವರ ಕಷ್ಟವೂ, ಆ ಶಾಲೆಯ ಮಕ್ಕಳ ನಷ್ಟವೂ ಲೆಕ್ಕಕ್ಕೆ ಬರಬೇಕು.

ಇನ್ನು ನೀರು ಇಳಿದ ಮೇಲಿನ ಮಾತು. ಟಿವಿ ಕ್ಯಾಮರಾಗಳು ಮರಳಿ ಹೋಗುವುದು ಆಗಲೇ, ಕಷ್ಟ ಶುರುವಾಗುವುದೂ ಆಗಲೇ. ಮಣ್ಣಿನ ಗೋಡೆಗಳು ನೀರಿನಲ್ಲಿ ನಿಂತಷ್ಟು ದಿನ ನಿಂತಿದ್ದು, ನೀರು ಸರಿದು ಬಿಸಿಲು ಬಿದ್ದಾಗ ಬಿರುಕುಬಿಟ್ಟು ಕುಸಿಯುತ್ತವೆ. ಅವಸರದಿಂದ ಮನೆ ಹೊಕ್ಕವರು ಅಡಿಯಲ್ಲಿ ಸಿಕ್ಕಿಕೊಳ್ಳುತ್ತಾರೆ. ರಬಕವಿ-ಬನಹಟ್ಟಿಯಂಥ ನೇಕಾರರ ಊರಲ್ಲಿ ಮೊದಲು ತುಂಬುವುದು ಕುಣಿಮಗ್ಗದ ಕುಣಿ. ಹಾಸು ಕೆಟ್ಟು, ಮಗ್ಗದ ಕಟ್ಟಿಗೆ ಉಬ್ಬಿ, ವಿದ್ಯುತ್ ಮಗ್ಗದ ಮೋಟಾರು ಸುಟ್ಟರೆ ನೇಕಾರನ ಕೂಲಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಬಾವಿ, ಬೋರಿನ ನೀರನ್ನು ಔಷಧಿ ಹಾಕದೆ ಕುಡಿಯುವಂತಿಲ್ಲ. ಕಸದ ರಾಶಿಯಲ್ಲಿ ಹಾವುಗಳಿರುತ್ತವೆ. ಆಮೇಲೆ ಬರುವುದು ಹಾನಿಯ ಸಮೀಕ್ಷೆ. ಪಹಣಿ, ಪಡಿತರ ಚೀಟಿ, ಆಧಾರ್, ಪಾಸ್‌ಬುಕ್, ಮಕ್ಕಳ ಅಂಕಪಟ್ಟಿ ಇವು ನೀರಿನಲ್ಲಿ ಹೋಗಿದ್ದರೆ ಬಿದ್ದ ಮನೆ ತನ್ನದೆಂದು ತೋರಿಸುವುದೇ ಬಿದ್ದವನ ಕೆಲಸವಾಗುತ್ತದೆ. ನಿಮ್ಮ ಮನೆ ಹೊಳೆದಂಡೆಯಲ್ಲಿದ್ದರೆ ಈ ಕಾಗದಗಳನ್ನು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವ ಕೆಲಸವನ್ನು ನೀವೇ, ಓದುಬಲ್ಲ ಮಕ್ಕಳೇ, ವಹಿಸಿಕೊಳ್ಳಿ. ಒಂದು ಸಂಜೆಯಲ್ಲಿ ಆಗುವ ಕೆಲಸ.

2009ರ ನಂತರ ಸರಕಾರವು ದಾನಿಗಳ ನೆರವಿನಿಂದ ‘ಆಸರೆ’ ಯೋಜನೆಯಲ್ಲಿ ಎತ್ತರದ ನೆಲದಲ್ಲಿ ಮನೆಗಳನ್ನು ಕಟ್ಟಿಸಿತು. ಆಲಮಟ್ಟಿಯ ಹಿನ್ನೀರಿನ ಊರುಗಳಿಗೆ ಅದಕ್ಕೂ ಮೊದಲೇ ಪುನರ್ವಸತಿ ಕೇಂದ್ರಗಳಿದ್ದವು. ಹೊಸ ಮನೆ ಸಿಕ್ಕವರು ಹಳೆಯ ಊರಲ್ಲೇ ಇದ್ದಾರೆಂದು ದೂರುವುದು ಸುಲಭ. ಮನೆ ಎತ್ತರಕ್ಕೆ ಹೋಯಿತು, ಹೊಲ ಎಲ್ಲಿತ್ತೋ ಅಲ್ಲಿಯೇ ಉಳಿಯಿತು. ಬೆಳಿಗ್ಗೆ ಹಾಲು ಕರೆದು, ರಾತ್ರಿ ಕರೆಂಟು ಬಂದಾಗ ನೀರು ಹಾಯಿಸಬೇಕಾದವನು ಕಿಲೋಮೀಟರುಗಳಾಚೆಯ ಓಣಿಯಲ್ಲಿ ಇರಲಾರ. ಮುತ್ತೂರಿನಂಥ ಕಡೆ ಜನರು ಹಿಂದಿರುಗುವುದರ ಹಿಂದೆ ಇರುವುದು ಈ ಲೆಕ್ಕವೇ.

ಈ ನಡುವೆ ಎರಡು ರಾಜ್ಯಗಳ ವಾದ ಮುಗಿದಿಲ್ಲ. ಸಾಂಗಲಿ, ಕೊಲ್ಹಾಪುರಗಳು ಮುಳುಗಲು ಆಲಮಟ್ಟಿಯ ಹಿನ್ನೀರು ಕಾರಣವೆಂಬ ಕೂಗು ಮಹಾರಾಷ್ಟ್ರದಲ್ಲಿ 2005ರಿಂದಲೂ ಇದೆ. 2019ರ ಪ್ರವಾಹದ ತರುವಾಯ ಆ ಸರಕಾರವೇ ನೇಮಿಸಿದ ವಡ್ನೆರೆ ಸಮಿತಿಯು ಆಲಮಟ್ಟಿ ಕಾರಣವಲ್ಲವೆಂದಿತು. ಕೂಗು ಮಾತ್ರ ನಿಲ್ಲಲಿಲ್ಲ. 2010ರಲ್ಲಿ ಬ್ರಿಜೇಶ್‌ಕುಮಾರ್ ನ್ಯಾಯಮಂಡಳಿಯು ಆಲಮಟ್ಟಿಯ ಮಟ್ಟವನ್ನು 519.60ರಿಂದ 524.256 ಮೀಟರಿಗೆ ಏರಿಸಲು ಕರ್ನಾಟಕಕ್ಕೆ ಅನುಮತಿ ಕೊಟ್ಟಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವು ಮುಳುಗಲಿರುವ ಭೂಮಿಗೆ ಪರಿಹಾರವನ್ನು ಗೊತ್ತುಪಡಿಸಿತು: ನೀರಾವರಿ ಹೊಲಕ್ಕೆ ಎಕರೆಗೆ 40 ಲಕ್ಷ ರೂಪಾಯಿ, ಒಣಭೂಮಿಗೆ 30 ಲಕ್ಷ.

524.256 ಎಂಬುದು ನಕ್ಷೆಯ ಮೇಲೆ ಒಂದು ಗೆರೆ. ಗೆರೆಯ ಕೆಳಗಿನ ಹೊಲಕ್ಕೆ ಬೆಲೆಯಿದೆ, ಮಾಲೀಕನಿಗೆ ದಾರಿಯಿದೆ. ಗೆರೆಗಿಂತ ಒಂದು ಆಳು ಮೇಲಿದ್ದು, ಮೂರು ಕಡೆ ಹಿನ್ನೀರು, ನಾಲ್ಕನೆಯ ಕಡೆ ತಗ್ಗು ಇರುವ ಹೊಲಗಳೂ ಈ ತಾಲೂಕುಗಳಲ್ಲಿವೆ. ಮಟ್ಟ ಏರಿದ ಮೇಲಿನ ಮೊದಲ ಮಳೆಗಾಲದಲ್ಲಿ ಅವು ಹೊಸ ಗಡ್ಡೆಗಳಾಗುತ್ತವೆ. ಅಲ್ಲಿಗೆ ದೋಣಿ ಯಾವುದು, ದನಗಳಿಗೆ ದಾರಿ ಯಾವುದು ಎಂದು ಈಗಲೇ ಗುರುತಿಸಿಟ್ಟುಕೊಳ್ಳಲು ಕಾಲಾವಕಾಶವಿದೆ.